ಪೆರ್ಲದ ಭಾವನ ಟ್ರೈಕೋಡರ್ಮಾ ಪ್ರಶ್ನೆಗೆ

ಭಾವ, ನಿಮ್ಮ ಪೋಸ್ಟ್ ನೋಡಿ ಸುಮ್ನೆ ಇರಲು ಆಗಲಿಲ್ಲ. ಎರಡು ಕಂಗಿನ (ಅಡಿಕೆ ಮರದ) ಬುಡದಲ್ಲಿ ಅಣಬೆ ಕಂಡಿತು, ನಿನ್ನೆ ಅವಕ್ಕೂ ಸುತ್ತಲಿನ ಹದಿನೈದು ಮರಗಳಿಗೂ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಯ್ದೆ, ಇವತ್ತು ಅದೇ ಬುಡಕ್ಕೆ ಟ್ರೈಕೋಡರ್ಮಾ ಹಾಕಿದೆ, ನಾಳೆ ಸುಣ್ಣ ಹಾಕಬಹುದಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೆ, ಸುಣ್ಣ ಸದ್ಯ ಮೂಟೆಯಲ್ಲೇ ಇರಲಿ.

ಟ್ರೈಕೋಡರ್ಮಾ ಗೊಬ್ಬರ ಅಲ್ಲ, ಜೀವ ಇರುವ ಶಿಲೀಂಧ್ರ. ನೀವು ಹೊಯ್ದ ಮೈಲುತುತ್ತು ಶಿಲೀಂಧ್ರ ಕೊಲ್ಲುವ ಮದ್ದು. ಅದಕ್ಕೆ ನಿಮ್ಮದು, ಶತ್ರುವಿನದು ಅಂತ ಭೇದ ಇಲ್ಲ. ಟ್ರೈಕೋಡರ್ಮಾಕ್ಕೆ ಸ್ವಲ್ಪ ಹುಳಿ ಮಣ್ಣು ಇಷ್ಟ, ಸುಣ್ಣ ಅದಕ್ಕೂ ಅಡ್ಡಿ. ತುತ್ತಿಗೂ ಇದಕ್ಕೂ ನಡುವೆ ಹದಿನೈದು ದಿನ ಬೇಕು ಅನ್ನುತ್ತಾರೆ. ನಾನು ಮೂರು ವಾರ ಬಿಡುತ್ತೇನೆ.

ನಾನೂ ಇದನ್ನೇ ಮಾಡಿದವನು. ಕೆಲವು ವರ್ಷದ ಹಿಂದೆ ಟ್ರೈಕೋಡರ್ಮಾ ಬೆಳೆಸಲು ಒಂದು ಕ್ವಿಂಟಲ್ ಸೆಗಣಿ ರಾಶಿ ಹಾಕಿದೆ. ನೀರು ಚಿಮುಕಿಸಿದ್ದು ಯಾವುದರಿಂದ? ಮದ್ದು ಬಿಡುವಾಗ ತುತ್ತು ಕರಗಿಸಿದ್ದ ನೀಲಿ ಡ್ರಮ್ಮಿನಿಂದ. ತಳದಲ್ಲಿ ನೀಲಿ ಹಕ್ಕಳೆ ಕಾಣುತ್ತಿತ್ತು, ಏನಾಗುತ್ತದೆ ಅಂತ ಬಿಟ್ಟೆ. ಸಾಲದ್ದಕ್ಕೆ ಹಟ್ಟಿಯಿಂದ ಆಗ ತಾನೆ ಬಾಚಿದ ಹಸಿ ಸೆಗಣಿ. ಐದನೇ ದಿನ ಕೈ ಹಾಕಿದರೆ ಒಳಗೆ ಸುಡುವಷ್ಟು ಬಿಸಿ, ಮೂಗಿಗೆ ಹೊಡೆಯುವ ಘಾಟು. ಹದಿನೈದು ದಿನ ಕಳೆದರೂ ಒಂದು ಚುಕ್ಕೆ ಹಸಿರು ಇಲ್ಲ. ಆದರೂ ಹಾಳು ಮಾಡುವುದು ಯಾಕೆ ಅಂತ ತೋಟಕ್ಕೆ ಹಾಕಿದೆ. ಮರುವರ್ಷ ಅದೇ ಸಾಲಿನಲ್ಲಿ ಇನ್ನೂ ನಾಲ್ಕು ಮರಕ್ಕೆ ಅಣಬೆ. ಮನೆಯಲ್ಲಿ ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ.

ಈಗ ಮಾಡುವುದು ಹೀಗೆ. ಒಣಗಿದ ಹಳೇ ಸೆಗಣಿ ಪುಡಿ 90 ಕಿಲೋ, ಬೇವಿನ ಹಿಂಡಿ 10 ಕಿಲೋ, ಟ್ರೈಕೋಡರ್ಮಾ ಒಂದರಿಂದ ಎರಡು ಕಿಲೋ. ಹಿಂಡಿಯಲ್ಲಿ ಮಾತ್ರ ಚೌಕಾಶಿ ಮಾಡಬೇಡಿ. ಕಡಿಮೆ ಬೆಲೆಯ ಹಿಂಡಿಯಲ್ಲಿ ಮರಳೇ ಜಾಸ್ತಿ, ಮೂಸಿ ನೋಡಿದರೆ ಬೇವಿನ ವಾಸನೆಯೇ ಇರುವುದಿಲ್ಲ. ಬಾವಿ ನೀರು ಚಿಮುಕಿಸಿ ಕಲಸಿ. ಒಂದು ಹಿಡಿ ಎತ್ತಿ ಮುಷ್ಟಿ ಬಿಗಿ ಮಾಡಿ. ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಇಳಿಯಬಾರದು. ಬೆರಳಿಂದ ತಟ್ಟಿದರೆ ಉಂಡೆ ಒಡೆಯಬೇಕು. ನೆರಳಿನಲ್ಲಿ ಗುಡ್ಡೆ ಮಾಡಿ ಒದ್ದೆ ಗೋಣಿ ಮುಚ್ಚಿ. ಐದಾರು ದಿನಕ್ಕೊಮ್ಮೆ ಮಗುಚಿ. ಮೊದಲು ಬಿಳಿ ಬೂಸಲು, ಆಮೇಲೆ ಪಾಚಿಯಂಥ ಹಸಿರು. ಎರಡು ವಾರದಲ್ಲಿ ಮೇಲೆಲ್ಲ ಹಸಿರು ಹರಡಿದರೆ ತೋಟಕ್ಕೆ ಹೊರಬಹುದು. ಮಣ್ಣು ಒದ್ದೆ ಇರುವಾಗ ಮಾತ್ರ ಹಾಕಿ, ಮೇಲೆ ಸೋಗೆ ಮುಚ್ಚಿ. ಬೇಸಗೆಯ ಒಣ ಮಣ್ಣಿಗೆ ಹಾಕಿದರೆ ಖರ್ಚು ಮಾತ್ರ.

ಪ್ಯಾಕೆಟ್ ವಿಷಯ. ತಯಾರಿಸಿದ ತಾರೀಕು ನೋಡದೆ ತರಬೇಡಿ. ಒಂದು ಅಂಗಡಿಯವರು ತಗಡಿನ ಮಾಡಿನ ಅಡಿಯಲ್ಲಿ, ಯೂರಿಯಾ ಮೂಟೆಯ ಮೇಲೆ ಇಟ್ಟದ್ದನ್ನು ನನಗೆ ಕೊಟ್ಟಿದ್ದರು. ಒಳಗಿದ್ದದ್ದು ಬರೀ ಪೌಡರ್. ನಮ್ಮ ದೇಶದ ಮಾನದಂಡದ ಪ್ರಕಾರ ಒಂದು ಗ್ರಾಮಿನಲ್ಲಿ ಕನಿಷ್ಠ 20 ಲಕ್ಷ ಜೀವಕಣ ಇರಬೇಕು. ಬಿಸಿಲಿಗೆ ಬಿದ್ದ ಪ್ಯಾಕೆಟ್ಟಿನಲ್ಲಿ ಅದನ್ನು ಎಲ್ಲಿ ಹುಡುಕುವುದು? ನಾನು ಎರಡು ಡಬ್ಬಿಯಲ್ಲಿ ಒಂದೊಂದು ಹಿಡಿ ಅನ್ನ ಹಾಕಿ, ಒಂದಕ್ಕೆ ಮಾತ್ರ ಚಿಟಿಕೆ ಪುಡಿ ಉದುರಿಸಿ ಇಡುತ್ತೇನೆ. ನಾಲ್ಕೈದು ದಿನದಲ್ಲಿ ಪುಡಿ ಹಾಕಿದ್ದು ಮಾತ್ರ ಹಸಿರಾದರೆ ಸರಿ. ಎರಡರಲ್ಲೂ ಹಸಿರು ಬಂದರೆ ಅದು ಮಾಮೂಲಿ ಬೂಸಲು, ಏನೂ ಗೊತ್ತಾಗಿಲ್ಲ ಅಂತಲೇ ಲೆಕ್ಕ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ತೆಂಗಿಗೆ ಅಂತ ನಾರಿನ ಪುಡಿಯ ಟ್ರೈಕೋಡರ್ಮಾ ಬಿಲ್ಲೆ ಮಾಡಿದೆ, ನನಗೆ ಅದರ ಮೇಲೆ ನಂಬಿಕೆ ಜಾಸ್ತಿ. ಬಣ್ಣದ ಬಾಟಲಿಯಲ್ಲಿ ಹತ್ತು ಜಾತಿಯ ಜೀವಾಣು ಒಟ್ಟಿಗೆ ಇದೆ ಅನ್ನುವವರನ್ನು ನಾನು ನಂಬುವುದಿಲ್ಲ.

ಇನ್ನೊಂದು. ಅಣಬೆ ಹೊರಗೆ ಕಂಡಿತು ಅಂದರೆ ಆ ಮರದ ಒಳಗೆ ಕೆಲಸ ಮುಗಿದಿದೆ. ಅದನ್ನು ಉಳಿಸಲು ಹೋಗಬೇಡಿ, ಪಕ್ಕದ್ದನ್ನು ಉಳಿಸಿ. ರೋಗದ ಮರದ ಸುತ್ತ ಎರಡಡಿ ಆಳ, ಒಂದಡಿ ಅಗಲದ ಕಣಿ ತೆಗೆಯಿರಿ. ಟ್ರೈಕೋಡರ್ಮಾ ಬೇರೆ ಶಿಲೀಂಧ್ರದ ಎಳೆಗೆ ಬಳ್ಳಿಯ ಹಾಗೆ ಸುತ್ತಿಕೊಂಡು ಅದರ ಗೋಡೆ ಕರಗಿಸಿ ತಿನ್ನುತ್ತದೆ. ಮಣ್ಣಿನಲ್ಲಿ ಅದು ಗಟ್ಟಿಗ. ಹಾಗಂತ ಮಳೆಗಾಲದಲ್ಲಿ ಅಡಿಕೆ ಕೊಳೆಸುವ ಕೊಳೆರೋಗಕ್ಕೆ ಗೊನೆಗೆ ಇದನ್ನೇ ಬಿಡುತ್ತೇನೆ ಅನ್ನಬೇಡಿ, ಹೋದ ವಾರ ಇಲ್ಲೇ ಒಬ್ಬರು ಬರೆದಿದ್ದರು. ಕೊಳೆ ತರುವ ಫೈಟಾಫ್ತೊರಾ ಶಿಲೀಂಧ್ರವೇ ಅಲ್ಲ, ಕಂದು ಪಾಚಿಯ ದೂರದ ನೆಂಟ. ಅದರ ಬೀಜಕಣ ಎರಡು ಬಾಲ ಆಡಿಸಿ ಮಳೆನೀರಿನಲ್ಲಿ ಈಜುತ್ತದೆ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಕೋಲ್ಮನ್ 1910ರಲ್ಲಿ ಈ ರೋಗದ ಬಗ್ಗೆ ಬರೆದರು. ಇವತ್ತಿಗೂ ಮಳೆಗೆ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ ಬೋರ್ಡೋ ಬಿಡದೆ ಗತಿ ಇಲ್ಲ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಿರಿ, ಸುಣ್ಣದ್ದನ್ನು ತುತ್ತಿಗೆ ಅಲ್ಲ. ಹೊಳೆಯುವ ಕತ್ತಿ ಅದ್ದಿ ನೋಡಿ, ಕೆಂಪು ಹಿಡಿದರೆ ಸುಣ್ಣ ಸಾಲದು.

ನಿಮ್ಮ ಫೋಟೋದಲ್ಲಿ ಬರಿಗಾಲು ಕಂಡಿತು, ಹಿಮ್ಮಡಿ ಬಿರಿದಿದೆ. ಅದಕ್ಕೂ ಬೈಯುತ್ತೇನೆ. ಮಣ್ಣು ಮುಟ್ಟಿದರೆ ಮನಸ್ಸು ಖುಷಿಯಾಗುತ್ತದೆ, ವಿಜ್ಞಾನಿಗಳೇ ಹೇಳಿದ್ದಾರೆ ಅಂತ ಗುಂಪಿನಲ್ಲಿ ಆಗಾಗ ಸಂದೇಶ ಬರುತ್ತದೆ ಅಲ್ವಾ? ಅದು 2007ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಇಲಿಗಳ ಮೇಲೆ ಮಾಡಿದ ಕೆಲಸ. ಮೈಕೋಬ್ಯಾಕ್ಟೀರಿಯಂ ವ್ಯಾಕೇ ಅನ್ನುವ ಮಣ್ಣಿನ ಬ್ಯಾಕ್ಟೀರಿಯಾವನ್ನು ಕೊಂದು ಚುಚ್ಚಿದಾಗ ಇಲಿಯ ಮಿದುಳಿನಲ್ಲಿ ಸೆರೊಟೊನಿನ್ (ಮನಸ್ಥಿತಿಗೆ ಸಂಬಂಧಿಸಿದ ರಾಸಾಯನಿಕ) ನರಕೋಶಗಳು ಚುರುಕಾದವು. ಒಳ್ಳೇ ಸಂಗತಿಯೇ. ಆದರೆ ಅದು ಸತ್ತ ಬ್ಯಾಕ್ಟೀರಿಯಾ, ಇಲಿ, ಸೂಜಿ. ನಿಮ್ಮ ಬಿರಿದ ಹಿಮ್ಮಡಿಗೆ ಆ ಲೆಕ್ಕ ಹೊಂದುವುದಿಲ್ಲ.

ನಮ್ಮ ಕರಾವಳಿಯ ಮಣ್ಣಿನಲ್ಲಿ ಬರ್ಕೋಲ್ಡೇರಿಯಾ ಅಂತ ಇನ್ನೊಂದು ಬ್ಯಾಕ್ಟೀರಿಯಾ ಇದೆ. ಮಳೆಗಾಲದಲ್ಲಿ ಗಾಯದ ಮೂಲಕ ಒಳಗೆ ಹೋಗಿ ಮೆಲಿಯಾಯ್ಡೋಸಿಸ್ ಅನ್ನುವ ಸೋಂಕು ತರುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಜಾಸ್ತಿ. ನಮ್ಮ ನೆರೆಯವರೊಬ್ಬರಿಗೆ ಮೂರು ವಾರ ಜ್ವರ, ಎದೆಯಲ್ಲಿ ಕಫ. ಒಂದು ಆಸ್ಪತ್ರೆಯಲ್ಲಿ ಕ್ಷಯ ಅಂತ ಮಾತ್ರೆ ಶುರು ಮಾಡಿದ್ದರು. ಇನ್ನೊಂದು ಕಡೆ ರಕ್ತದ ಕಲ್ಚರ್ ಮಾಡಿದಾಗಲೇ ಇದು ಅಂತ ತಿಳಿದದ್ದು. ಇಂಜೆಕ್ಷನ್ ಆಮೇಲೆ ತಿಂಗಳುಗಟ್ಟಲೆ ಮಾತ್ರೆ. ಜ್ವರ ಬಿಡದಿದ್ದರೆ ತೋಟದ ಕೆಸರಿನಲ್ಲಿ ಕೆಲಸ ಮಾಡುವವ ಅಂತ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ. ಗಮ್‌ಬೂಟ್ ತೆಗೆದುಕೊಳ್ಳಿ, ಬೆಲೆ ನೋಡಬೇಡಿ. ಇಲಿಜ್ವರಕ್ಕೂ ಆಯಿತು.

ಸದ್ಯಕ್ಕೆ ಹಾಕಿದ್ದು ಹೋಯಿತು ಅಂತ ಬಿಡಿ. ಮೂರು ವಾರಕ್ಕೆ ಸಿಗುವ ಹಾಗೆ ಇವತ್ತೇ ಹೊಸ ರಾಶಿ ಹಾಕಿ, ನೀರು ಮಾತ್ರ ತುತ್ತು ಕಾಣದ ಬೇರೆ ಡ್ರಮ್ಮಿನದ್ದಿರಲಿ. ಆ ಎರಡು ಮರದ ಬುಡದಿಂದ ಮೂರಡಿ ಎತ್ತರದವರೆಗಿನ ಫೋಟೋ ಹಾಕಿ. ಕಾಂಡದಲ್ಲಿ ಕಂದು ನೀರು ಇಳಿದ ಗುರುತು ಪಕ್ಕದ ಮರಗಳಲ್ಲೂ ಇದೆಯಾ ನೋಡಿ. ಕಣಿ ಎಲ್ಲಿಂದ ತೆಗೆಯಬೇಕು ಅಂತ ಆಮೇಲೆ ಹೇಳುತ್ತೇನೆ.