ರೊಟ್ಟಿ ಮೆತ್ತಗಾದರೆ ಹಿಟ್ಟಿನ ತಪ್ಪಲ್ಲ

ಪ್ರಶ್ನೆ: ಅಕ್ಕಾರೆ, ಮಗನಿಗೆ ಬೆಳಗಾವಿಯಲ್ಲಿ ನೌಕರಿ ಸಿಕ್ಕಿದೆ. ಜೂನ್‌ನಿಂದ ಎರಡು ಸಲ ಖಡಕ್ ರೊಟ್ಟಿ ಕಳಿಸಿದೆ. ನಮ್ಮಲ್ಲಿ ತಿಂಗಳಿಟ್ಟರೂ ಚಟ್ ಅಂತ ಮುರಿಯುವ ರೊಟ್ಟಿ ಅಲ್ಲಿ ನಾಲ್ಕೇ ದಿನಕ್ಕೆ ಮೆತ್ತಗಾಯಿತಂತೆ. ಎರಡನೇ ಸಲ ಬೂಷ್ಟೇ ಬಂದಿತ್ತು. ಹಿಟ್ಟು ಸರಿಯಿಲ್ಲ ಅಂತ ಗಿರಣಿಯವನ ಜೊತೆ ಜಗಳಾಡಿ ಬಂದೆ. ಏನು ಮಾಡಲಿ?
— ಒಬ್ಬ ತಾಯಿ, ವಿಜಯಪುರ

ಉತ್ತರ: ಮೊದಲು ಗಿರಣಿಯವನನ್ನು ಸಮಾಧಾನ ಮಾಡಿ ಬನ್ನಿ ತಾಯಿ. ಪಾಪ, ಅವನದೇನೂ ತಪ್ಪಿಲ್ಲ.

ನಾನೂ ನಿಮ್ಮ ಕಡೆಯವಳೇ, ಸಿಂದಗಿ ತಾಲ್ಲೂಕಿನವಳು. ಮದುವೆಯಾಗಿ ಬೆಳಗಾವಿಗೆ ಬಂದ ವರ್ಷ ಅವ್ವ ಬುಟ್ಟಿ ತುಂಬ ರೊಟ್ಟಿ ಕಟ್ಟಿ ಕಳಿಸಿದ್ದಳು. ಬಿಳಿ ಧೋತರದಲ್ಲಿ ಸುತ್ತಿ, ನಾಲ್ಕು ಗಂಟು ಹಾಕಿ. ಮೂರನೇ ದಿನ ಒಂದು ರೊಟ್ಟಿ ಮುರಿಯಲು ಹೋದರೆ ಅದು ಚಪಾತಿಯಂತೆ ಬಾಗಿತು! ನನಗೆ ಅಳುವೇ ಬಂತು. ಅತ್ತೆ ನಕ್ಕು, ರೊಟ್ಟಿಯನ್ನು ಒಲೆಯ ಪಕ್ಕ ಒರಗಿಸಿಟ್ಟರು. ಒಲೆಯ ಮೇಲೆ ಹಗ್ಗ ಕಟ್ಟಿ ಮಾವನವರ ಅಂಗಿ ಒಣಹಾಕಿದ್ದರು. ಆ ವರ್ಷ ಎರಡು ತಿಂಗಳು ಅಂಗಿಗೂ ರೊಟ್ಟಿಗೂ ಒಂದೇ ಹೊಗೆ ವಾಸನೆ.

ಎರಡೂ ಊರಿನ ನಡುವೆ ಇನ್ನೂರು ಕಿಲೋಮೀಟರ್‌ಗೆ ತುಸು ಜಾಸ್ತಿ, ಅಷ್ಟೇ. ಆದರೆ ಅರಬ್ಬಿ ಸಮುದ್ರದಿಂದ ಬರುವ ಗಾಳಿ ಸಹ್ಯಾದ್ರಿ ಹತ್ತುವಾಗಲೇ ಬಹುಪಾಲು ನೀರು ಸುರಿಸಿಬಿಡುತ್ತದೆ. ಬೆಳಗಾವಿ ಆ ಬೆಟ್ಟದ ಮಗ್ಗುಲಲ್ಲೇ ಇದೆ. ನಿಮ್ಮಲ್ಲಿಗೆ ಬರುವಷ್ಟರಲ್ಲಿ ಗಾಳಿ ಬರಿದಾಗಿರುತ್ತದೆ. ವಿಜಯಪುರಕ್ಕೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಬೆಳಗಾವಿ ಪೇಟೆಗೆ ಅದರ ಎರಡು ಪಟ್ಟು. ಇಲ್ಲಿ ಮಿರಗ, ಅಂದರೆ ಜೂನ್‌ನ ಮೃಗಶಿರಾ ಮಳೆ, ಕೂಡಿತೆಂದರೆ ಕೊಡೆ ಬಾಗಿಲ ಬಳಿಯೇ ಇರಬೇಕು. ನಿಮ್ಮಲ್ಲಿ ಮಿರಗ ನಾಲ್ಕು ಹನಿ ಹಾಕಿ ಮಣ್ಣಿನ ವಾಸನೆ ತೋರಿಸಿ ಹೋಗುವುದೇ ಹೆಚ್ಚು. ನಿಜವಾದ ಮಳೆ ಸೆಪ್ಟೆಂಬರ್‌ನದು. ಆ ಹಸಿಯನ್ನು ಎರೆಮಣ್ಣು ಹಿಡಿದಿಟ್ಟುಕೊಂಡು ಹಿಂಗಾರಿ ಜೋಳ ಬೆಳೆಸುತ್ತದೆ. ಮನೆ ನೋಡಿದರೂ ಗೊತ್ತಾಗುತ್ತದೆ ಅಲ್ವಾ? ನಮ್ಮ ತವರಿನದು ಮಣ್ಣಿನ ಮಾಳಿಗೆ, ಇಲ್ಲಿಯದು ಇಳಿಜಾರು ಹೆಂಚು. ಒಮ್ಮೆ ಅತ್ತೆ ಮೇ ತಿಂಗಳಲ್ಲಿ ತವರಿಗೆ ಬಂದಿದ್ದರು. ಮಾಳಿಗೆಯ ಮೇಲೆ ಹಾಸಿಗೆ ಹಾಕಿದರೂ ರಾತ್ರಿಯಿಡೀ ಸೆರಗಿನಿಂದ ಗಾಳಿ ಹಾಕಿಕೊಂಡರು. ಆಗ ನಾನು ನಕ್ಕೆ, ಲೆಕ್ಕ ಚುಕ್ತಾ.

ಈಗ ರೊಟ್ಟಿಗೆ ಬರೋಣ. ನೀವೂ ಬಟ್ಟೆಯಲ್ಲೇ ಕಟ್ಟಿ ಕಳಿಸುತ್ತೀರಿ ಅಂತ ನನ್ನ ಅನುಮಾನ. ಒಣ ಹವೆಯಲ್ಲಿ ಬಟ್ಟೆ ಒಳ್ಳೆಯದು. ಇಲ್ಲಿ ಅದೇ ಬಟ್ಟೆಯೊಳಗಿಂದ ಗಾಳಿಯ ತೇವ ನುಗ್ಗುತ್ತದೆ, ಒಣ ರೊಟ್ಟಿ ಅದನ್ನು ಹೀರುತ್ತದೆ. ರೊಟ್ಟಿ ಪೂರ್ತಿ ಆರಿದ ಮೇಲೆ ಐದೈದರಂತೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಸ್ಟೀಲ್ ಡಬ್ಬಿಗೆ ಹಾಕಿ. ಬಿಸಿ ಇದ್ದಾಗ ಕಟ್ಟಿದರೆ ಉಗಿಯೇ ಸಾಕು ಬೂಷ್ಟು ಬರಲು. ಒಂದು ಸಲಕ್ಕೆ ಒಂದೇ ಕಟ್ಟು ಬಿಚ್ಚಲು ಹೇಳಿ. ಮೆತ್ತಗಾದರೆ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ತಿರುವಿ ಹಾಕಲಿ, ಮತ್ತೆ ಖಡಕ್ ಆಗುತ್ತದೆ. ಬೂಷ್ಟು ಬಂದದ್ದನ್ನು ಮಾತ್ರ ಕೆರೆದು ತಿನ್ನುವುದು ಬೇಡ, ಬಿಸಾಕಲಿ. ಶೇಂಗಾ ಚಟ್ನಿಗೂ ಒದ್ದೆ ಚಮಚ ಹಾಕಬಾರದು. ಗಂಡುಮಕ್ಕಳಿಗೆ ಇದನ್ನು ಎರಡು ಸಲ ಹೇಳಬೇಕು!

ಪ್ರಶ್ನೆ: ನಮ್ಮ ಹೊಲದಲ್ಲಿ ಮಳೆಯಿಲ್ಲದೆ ಬೆಳೆ ಬಾಡುತ್ತಿರುತ್ತದೆ, ಪಕ್ಕದಲ್ಲೇ ಮಲಪ್ರಭೆ ತುಂಬಿ ಬರುತ್ತಾಳೆ. ಇದೆಂಥ ಮಳೆಗಾಲ?
— ಒಬ್ಬ ರೈತ, ಬಾದಾಮಿ ತಾಲ್ಲೂಕು

ಉತ್ತರ: ಅದು ನಿಮ್ಮ ಮಳೆಗಾಲ ಅಲ್ಲ ತಮ್ಮಾ, ನಮ್ಮದು. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಘಟ್ಟದ ನೆತ್ತಿಯ ಮೇಲೆ. ಅಲ್ಲಿ ಸುರಿದದ್ದು ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟಿಗೆ ಬರುತ್ತದೆ. ಅದು ತುಂಬಿದರೆ ನಿಮ್ಮ ಕಡೆಗೆ ಬಿಡುತ್ತಾರೆ. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ನುಗ್ಗಿದ್ದು ಹೀಗೆಯೇ. ನಿಮ್ಮ ಆಕಾಶ ನೋಡಿಕೊಂಡು ಕೂರಬೇಡಿ, ಖಾನಾಪುರದ ಮಳೆ ಸುದ್ದಿ ಕೇಳುತ್ತಿರಿ. ನೀರು ಬಿಡುತ್ತಾರೆ ಅಂತ ತಿಳಿದ ದಿನವೇ ದಂಡೆಯ ಮೇಲಿನ ಮೋಟಾರ್ ಎತ್ತಿಡಿ.