ಫಲಿತಾಂಶ ಕುಸಿದರೆ ನೋಟಿಸ್: ಕಲಿಕೆ ಹೆಚ್ಚುತ್ತದೆಯೇ?

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಕುಸಿದದ್ದಕ್ಕೆ ಮುಖ್ಯೋಪಾಧ್ಯಾಯರಿಗೆ ಕಾರಣ ಕೇಳಿ ನೋಟಿಸ್ ಬಂದಿದೆ. ಇಂಥ ಕ್ರಮಗಳಿಂದ ಮಕ್ಕಳ ಕಲಿಕೆ ಸುಧಾರಿಸುತ್ತದೆಯೇ?

ಉತ್ತರ: ಸ್ವಲ್ಪಮಟ್ಟಿಗೆ ಸುಧಾರಿಸುತ್ತದೆ, ಆದರೆ ಯಾವ ಮಕ್ಕಳದ್ದು ಎಂಬುದು ನಾವು ಯಾವುದನ್ನು ಅಳೆಯುತ್ತೇವೆ ಎಂಬುದನ್ನು ಅವಲಂಬಿಸಿರುತ್ತದೆ. ಅಮೆರಿಕದಲ್ಲಿ 2002ರಲ್ಲಿ ಬಂದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆಯು 3ರಿಂದ 8ನೇ ತರಗತಿಯವರೆಗೆ ವಾರ್ಷಿಕ ಪರೀಕ್ಷೆ ಕಡ್ಡಾಯಗೊಳಿಸಿ, ಗುರಿ ಮುಟ್ಟದ ಶಾಲೆಗಳ ಮೇಲೆ ಕ್ರಮಕ್ಕೆ ಅವಕಾಶ ನೀಡಿತು. ಥಾಮಸ್ ಡೀ ಮತ್ತು ಬ್ರಯನ್ ಜೇಕಬ್ ಅವರ ಅಧ್ಯಯನದಲ್ಲಿ 4ನೇ ತರಗತಿಯ ಗಣಿತದಲ್ಲಿ ಸ್ಪಷ್ಟ ಏರಿಕೆ ಕಂಡಿತು, ಓದುವ ಕೌಶಲದಲ್ಲಿ ಕಾಣಲಿಲ್ಲ. ಶಿಕಾಗೊ ನಗರದ ಅಂಕಗಳನ್ನು ಪರಿಶೀಲಿಸಿದ ಡೆರೆಕ್ ನೀಲ್ ಮತ್ತು ಡಯೇನ್ ಶಾನ್‌ಜೆನ್‌ಬಾಕ್ ಅವರಿಗೆ ಲಾಭ ಹೆಚ್ಚಾಗಿ ಉತ್ತೀರ್ಣತೆಯ ಅಂಚಿನಲ್ಲಿದ್ದವರಿಗೆ ದಕ್ಕಿ, ತೀರ ಹಿಂದುಳಿದವರು ಇದ್ದಲ್ಲಿಯೇ ಉಳಿದದ್ದು ಕಂಡುಬಂತು. ಪಾಸಾಗಲು ಬೇಕಾದಷ್ಟನ್ನೇ ಕಲಿಸುವ ನಮ್ಮ ಪಾಸಿಂಗ್ ಪ್ಯಾಕೇಜ್‌ನ ತರ್ಕವೂ ಇದೇ ಅಲ್ಲವೇ?

ಅಳತೆ ಬದಲಾದರೆ ಪರಿಣಾಮವೂ ಬದಲಾಗುತ್ತದೆ. ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಆಂಧ್ರಪ್ರದೇಶದ ಗ್ರಾಮೀಣ ಶಾಲೆಗಳಲ್ಲಿ ನಡೆಸಿದ ಪ್ರಯೋಗದಲ್ಲಿ, ಉತ್ತೀರ್ಣರ ಸಂಖ್ಯೆಗಲ್ಲ, ಮಕ್ಕಳ ಅಂಕಗಳ ಸರಾಸರಿ ಪ್ರಗತಿಗೆ ಶಿಕ್ಷಕರಿಗೆ ಬಹುಮಾನವಿತ್ತು. ಗಣಿತ, ಭಾಷೆಗಳಷ್ಟೇ ಅಲ್ಲದೆ ಬಹುಮಾನವಿಲ್ಲದ ವಿಜ್ಞಾನ, ಸಮಾಜಗಳಲ್ಲೂ ಅಂಕ ಏರಿತು. ವಿಚಿತ್ರವೆಂದರೆ ಶಿಕ್ಷಕರ ಗೈರುಹಾಜರಿ ತಗ್ಗಲಿಲ್ಲ. ಬಂದ ದಿನಗಳಲ್ಲಿ ಹೆಚ್ಚು ಕಲಿಸಿದರು, ಹೆಚ್ಚುವರಿ ತರಗತಿ ತೆಗೆದುಕೊಂಡರು.

ಇನ್ನು, ಫಲಿತಾಂಶ ಕುಸಿದ ಮಾತ್ರಕ್ಕೆ ಕಲಿಕೆ ಕುಸಿಯಿತೆಂದು ಹೇಳಲಾಗದು. 2023ರಲ್ಲಿ ಶೇ 83.89ರಷ್ಟಿದ್ದ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ನಕಲು ತಡೆಯಲು ಕ್ಯಾಮೆರಾ ಮೂಲಕ ನೇರ ನಿಗಾ) ಬಂದ 2024ರಲ್ಲಿ, ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ಹಳೆಯ ಅಂಕಿಯನ್ನು ಮುಂದಿಟ್ಟು ಹೊಸದಕ್ಕೆ ಕಾರಣ ಕೇಳುವುದು, ನನ್ನ ದೃಷ್ಟಿಯಲ್ಲಿ, ನ್ಯಾಯವಲ್ಲ.

ನೋಟಿಸಿಗೆ ಉತ್ತರ ಬರೆಯುವ ಮುನ್ನ ಸಮಿತಿಯು 8ನೇ ತರಗತಿಗೆ ದಾಖಲಾದವರಲ್ಲಿ ಎಷ್ಟು ಮಂದಿ ಪರೀಕ್ಷೆಗೆ ಕುಳಿತರೆಂದು ದಾಖಲಾತಿ ವಹಿಯಿಂದ ಲೆಕ್ಕ ಹಾಕಲಿ, ಏಕೆಂದರೆ ಶೇಕಡಾವಾರು ಹೆಚ್ಚಿಸುವ ಸುಲಭ ದಾರಿಯೆಂದರೆ ದುರ್ಬಲ ಮಕ್ಕಳ ಕೈಗೆ ಟಿಸಿ ಕೊಡುವುದು. ದೀಪಾವಳಿಯ ಆಸುಪಾಸಿನಲ್ಲಿ ತಂದೆತಾಯಿಯರೊಂದಿಗೆ ಕಬ್ಬು ಕಡಿಯಲು ಗುಳೆ ಹೋಗುವ ಮಕ್ಕಳ ಹಾಜರಾತಿಯನ್ನು ಪ್ರತ್ಯೇಕವಾಗಿ ತೋರಿಸಿ. ಖಾಲಿ ಹುದ್ದೆಗಳಿದ್ದರೆ ಯಾವ ವಿಷಯದ್ದು, ಯಾವ ತಿಂಗಳಿನಿಂದ ಎಂಬುದನ್ನೂ ಅದೇ ಉತ್ತರದಲ್ಲಿ ನಮೂದಿಸಿ, ಉತ್ತರದ ಒಂದು ಪ್ರತಿಗೆ ಬಿಇಒ ಕಚೇರಿಯಲ್ಲಿ ಸ್ವೀಕೃತಿ ಪಡೆದು ಇಟ್ಟುಕೊಳ್ಳಿ.