ಸೈಟಿನ ಮಾತು ಆಮೇಲೆ, ಮೊದಲು ಅವರನ್ನು ಕೇಳಿ

ತುಮಕೂರು ಕಡೆಯ ಓದುಗರೊಬ್ಬರ ಪತ್ರಕ್ಕೆ ಸರದಿ ಬಿಟ್ಟು ಉತ್ತರ ಬರೆಯುತ್ತಿದ್ದೇನೆ. ಇದು ಕಾಯುವ ವಿಷಯ ಅಲ್ಲ.

ಅವರ ಯಜಮಾನರು ಖಾಸಗಿ ಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದರು. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಮೊದಲು ಅರ್ಧ ಸಂಬಳ, ಆಮೇಲೆ ಅದೂ ಇಲ್ಲ. ಮನೆ ಸಾಲದ ಕಂತು ಆರು ತಿಂಗಳು ಮುಂದಕ್ಕೆ ಹೋಯಿತು. ಕಂತು ನಿಂತರೂ ಬಡ್ಡಿ ಓಡುತ್ತಲೇ ಇತ್ತು. ಒಡವೆ ಅಡ ಇಟ್ಟರು, ಮೊಬೈಲ್ ಆಪ್‌ನಲ್ಲೂ ಸಾಲ ಮಾಡಿದರು. ಶಾಲೆ ಮತ್ತೆ ತೆರೆದಾಗ ಇವರನ್ನು ಕರೆಯಲಿಲ್ಲ. ಈಗ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ, ಸಾಲ ಇನ್ನೂ ತೀರಿಲ್ಲ. ತವರಿನಿಂದ ಬಂದ ಸೈಟ್ ಮಾರಲೋ ಬೇಡವೋ ಅನ್ನುವುದು ಅವರ ಪ್ರಶ್ನೆ.

ತಂಗೀ, ಸೈಟಿನ ಬಗ್ಗೆ ಎರಡು ಪುಟ ಬರೆದಿದ್ದೀರಿ. ಕೊನೆಯಲ್ಲಿ ಸುಮ್ನೆ ಸೇರಿಸಿದ ಹಾಗೆ ಇಷ್ಟು ಹೇಳಿದ್ದೀರಿ: "ಹೋದ ವಾರ ನಮ್ಮವರು ಎಲ್ಲ ಕಾಗದಪತ್ರ ಒಂದೇ ಫೈಲಿಗೆ ಹಾಕಿ, ಎಲ್‌ಐಸಿ ಬಾಂಡ್ ಎಲ್ಲಿದೆ, ಯಾರಿಗೆ ಎಷ್ಟು ಕೊಡಬೇಕು ಅಂತ ತೋರಿಸಿದರು. ಎಷ್ಟೋ ದಿನದ ಮೇಲೆ ಅವರ ಮುಖ ಹಗುರಾಗಿತ್ತು. ನನಗೂ ಸಮಾಧಾನ ಆಯಿತು."

ಅದನ್ನು ಓದಿ ನನಗೆ ಎದೆ ಧಸಕ್ಕೆಂದಿತು. ಅವರಿಗೆ ರಾತ್ರಿ ನಿದ್ದೆ ಇಲ್ಲ, ಪಾಠ ಹೇಳಿಕೊಟ್ಟ ಹುಡುಗರು ಕಂಡರೆ ದಾರಿ ಬದಲಿಸುತ್ತಾರೆ ಎಂದೂ ನೀವೇ ಬರೆದಿದ್ದೀರಿ. ಇಷ್ಟು ಕುಗ್ಗಿದವರು ಇದ್ದಕ್ಕಿದ್ದಂತೆ ಎಲ್ಲ ಒಪ್ಪಿಸಿ ಶಾಂತರಾದರೆ, ಅದು ಜೀವ ಬಿಡುವ ಯೋಚನೆಯ ಗುರುತಾಗಿರಬಹುದು. ಆಗಿರದೆಯೂ ಇರಬಹುದು. ಆದರೆ ಊಹೆ ಮಾಡಿಕೊಂಡು ಕೂರಬೇಡಿ. ಕೇಳಿ. ಇವತ್ತೇ ಕೇಳಿ.

ಮಕ್ಕಳು ಮಲಗಿದ ಮೇಲೆ ಪಕ್ಕದಲ್ಲಿ ಕೂತು, "ರೀ, ಸತ್ತುಹೋಗಬೇಕು ಅಂತ ಅನ್ನಿಸ್ತಿದೆಯಾ?" ಅನ್ನಿ. "ಏನೂ ಕೆಟ್ಟ ಯೋಚನೆ ಇಲ್ಲ ತಾನೇ?" ಅಂತ ಕೇಳಬೇಡಿ, ಅದಕ್ಕೆ ಇಲ್ಲ ಅಂದುಬಿಡುವುದು ಸುಲಭ. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಾಗುತ್ತೆ ಅಂತ ಜನ ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಒಳಗೊಳಗೇ ಬೇಯುತ್ತಿರುವವರಿಗೆ ಬಾಯಿ ಬಿಡಲು ಒಂದು ದಾರಿ ಸಿಗುತ್ತದೆ, ಅಷ್ಟೆ.

ಹೌದು ಅಂದರೆ ಬೈಯಬೇಡಿ, ಮಕ್ಕಳ ಮೇಲೆ ಆಣೆ ಹಾಕಿಸಬೇಡಿ. ಅವರೊಬ್ಬರನ್ನೇ ಬಿಡಬೇಡಿ. 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬೆಳಿಗ್ಗೆ ನೀವೇ ಜೊತೆಗೆ ಹೋಗಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಆ ಕ್ಷಣಕ್ಕೇ ಅಪಾಯ ಅನ್ನಿಸಿದರೆ ಬೆಳಗಾಗುವ ತನಕ ಕಾಯದೆ 112ಕ್ಕೆ ಕರೆ ಮಾಡಿ. ತೋಟಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಕೇಳುವುದಕ್ಕೂ ಮೊದಲೇ ಬೇರೆ ಕಡೆಗೆ ಸಾಗಿಸಿ.

ಇಲ್ಲ ಅಂದರೂ ನೀವು 14416ಕ್ಕೆ ಮಾತಾಡಿ. ಮನೆಯವರೂ ಮಾಡಬಹುದು. ನಿದ್ದೆಯೇ ಇಲ್ಲದ ಮನುಷ್ಯನಿಗೆ ಹೇಗಿದ್ದರೂ ಡಾಕ್ಟರು ಬೇಕು.

ನಿಮ್ಮ ಭಾವನವರ ಬಗ್ಗೆ ನೀವು ತುಂಬಾ ಮರ್ಯಾದೆಯಿಂದ ಬರೆದಿದ್ದೀರಿ. ನನಗೆ ಹಾಗೆ ಬರೆಯಲು ಆಗುವುದಿಲ್ಲ. ಕೈಸಾಲ ಕೊಟ್ಟದ್ದು ನಿಜ. ಆದರೆ ಪ್ರತಿ ಭಾನುವಾರ ಫೋನ್ ಮಾಡಿ, "ಎಂಎಸ್ಸಿ ಓದಿ ಮೂಟೆ ಎಣಿಸ್ತಿದ್ದೀಯ" ಅನ್ನುವ ಅಧಿಕಾರ ಯಾವ ಸಾಲದಿಂದಲೂ ಬರುವುದಿಲ್ಲ. ಶಾಲೆ ಮುಚ್ಚಿಸಿದ್ದು ಸಾಂಕ್ರಾಮಿಕ ರೋಗ, ನಿಮ್ಮ ಯಜಮಾನರಲ್ಲ. ಆ ವರ್ಷ ಎಷ್ಟೋ ಮೇಷ್ಟ್ರುಗಳು ತರಕಾರಿ ಮಾರಿದರು, ನರೇಗಾ ಕೂಲಿಗೆ ಹೋದರು. ಅವರ ಪಾಠದಲ್ಲಿ ಯಾವ ಕೊರತೆಯೂ ಇರಲಿಲ್ಲ.

ಈ ಅಂಕಣ ಓದುವವರಿಗೆ ನನ್ನ ಹಳೇ ಹಟ ಗೊತ್ತು. ಸಾಲ ಅನ್ನುವುದು ಮನೆಮಂದಿಯೆಲ್ಲ ಕೂತು ಬರೆಯಬೇಕಾದ ಲೆಕ್ಕ, ಒಬ್ಬರ ಮಾನದ ಪ್ರಶ್ನೆ ಅಲ್ಲ. ಆ ಲೆಕ್ಕವನ್ನೂ ಸೈಟನ್ನೂ ಅವರು ಸರಿಯಾಗಿ ನಿದ್ದೆ ಮಾಡಲು ಶುರು ಮಾಡಿದ ಮೇಲೆ ನೋಡೋಣ. ಆಗ ಮತ್ತೆ ಬರೆಯಿರಿ, ಖಂಡಿತ ಉತ್ತರಿಸುತ್ತೇನೆ.

ಈ ಭಾನುವಾರ ಭಾವನವರ ಫೋನ್ ಬಂದರೆ ನೀವೇ ಎತ್ತಿ. "ದುಡ್ಡಿನ ವಿಷಯ ಇನ್ನು ಮೇಲೆ ನನ್ನ ಹತ್ತಿರ ಮಾತಾಡಿ, ಅವರ ಹತ್ತಿರ ಬೇಡ" ಅಂತ ಹೇಳಿ ಇಟ್ಟುಬಿಡಿ.